ನೀರು ಇಳಿದಾಗ ಕೂಗುವ ಕೊಂಬು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮದ ಮುಂದೆ ಕಡವು. ಆಚೆ ದಂಡೆಗೆ ಹೋಗುವವರು ಅಲ್ಲಿ ಹರಿಗೋಲು ಹತ್ತುತ್ತಿದ್ದರು.

ಗುರು ಬಸಲಿಂಗಜ್ಜನಿಗೆ ಮಾತು ಕಡಿಮೆ. ಅಜ್ಜ ಉಳಿಸಿದ ಮಾತನ್ನೆಲ್ಲ ಶಿಷ್ಯ ಕಲ್ಮೇಶನೇ ಖರ್ಚು ಮಾಡುತ್ತಿದ್ದ. ಅವನು ಕಂಪ್ಯೂಟರ್ ಓದಿ, ಅದರಲ್ಲಿ ಸಿಗದ್ದೇನನ್ನೋ ಹುಡುಕಿಕೊಂಡು ಅಜ್ಜನ ಹತ್ತಿರ ಬಂದವನು. ಒಳ್ಳೆಯ ಹುಡುಗ. ಆದರೆ ತನಗೆ ತಿಳಿಯದ್ದು ಕಂಡರೆ, ಅದು ತಪ್ಪೇ ಇರಬೇಕು ಅಂದುಕೊಳ್ಳುವವನು.

ಕಡವಿನ ಅಂಬಿಗ ದ್ಯಾಮಪ್ಪ. ಅವನು ಹರಿಗೋಲನ್ನು ಎಂದೂ ನೆಟ್ಟಗೆ ದಾಟಿಸಿದವನಲ್ಲ. ನಡುಹೊಳೆಯಲ್ಲಿ ಒಂದು ಕಡೆ ಹುಟ್ಟು ಎತ್ತುತ್ತಿದ್ದ. ಬುತ್ತಿಯಿಂದ ರೊಟ್ಟಿಯ ಚೂರು ಮುರಿದು ನೀರಿಗೆ ಹಾಕುತ್ತಿದ್ದ. ಆಮೇಲೆ ಆ ಜಾಗ ಬಿಟ್ಟು ಸುತ್ತಿ ಹೋಗುತ್ತಿದ್ದ.

"ಅಲ್ಲೇನೈತಿ ದ್ಯಾಮಣ್ಣ?" ಅಂತ ಕಲ್ಮೇಶ ಒಮ್ಮೆ ಕೇಳಿದ.

"ಯಾರೋ ಮುಳುಗಿ ಹೋಗ್ಯಾರಂತ್ರಿ ಅಲ್ಲಿ, ಸಣ್ಣ ಅಜ್ಜಾರ."

ಅವನನ್ನು ಸಣ್ಣ ಅಜ್ಜಾರ ಅನ್ನುತ್ತಿದ್ದವನು ದ್ಯಾಮಪ್ಪ ಒಬ್ಬನೇ. ಹಾಗಂದಾಗಲೆಲ್ಲ ಕಲ್ಮೇಶನಿಗೆ ನಗು ಬರುತ್ತಿತ್ತು, ಒಳಗೊಳಗೇ ಹಿತವೂ ಆಗುತ್ತಿತ್ತು.

"ಯಾರು ಹೋಗ್ಯಾರ?"

"ಅದು ನಮ್ಮಪ್ಪಗೂ ಗೊತ್ತಿರಲಿಲ್ರಿ. ಅವರಪ್ಪ ರೊಟ್ಟಿ ಹಾಕ್ತಿದ್ದ, ಅದಕ್ಕ ನಮ್ಮಪ್ಪನೂ ಹಾಕಿದ. ಈಗ ನಾ ಹಾಕ್ತೀನಿ."

"ಗೊತ್ತಿಲ್ಲದವರಿಗೆ ದಿನಾ ರೊಟ್ಟಿ?"

"ಅವರಿಗೂ ನನ್ನ ಗುರ್ತಿಲ್ಲಲ್ರಿ. ಆದ್ರೂ ದಿನಾ ದಾಟಾಕ ಬಿಡ್ತಾರ," ಅಂದು ದ್ಯಾಮಪ್ಪ ಹುಟ್ಟು ಹಾಕಿದ.

ನೆಟ್ಟಗೆ ಹೋದರೆ ಅರ್ಧ ಹೊತ್ತು ಉಳಿಯುತ್ತದೆ ಅಂತ ಕಲ್ಮೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಹಿಂದಿನ ಮಳೆಗಾಲದಲ್ಲಿ ಹೊಳೆ ಏಕಾಏಕಿ ಏರಿ ಕಡವಿನ ಹಳೆಯ ಹರಿಗೋಲೊಂದನ್ನು ಒಯ್ದಿತ್ತು. ಪುಣ್ಯಕ್ಕೆ ಅದರಲ್ಲಿ ಯಾರೂ ಇರಲಿಲ್ಲ. ಅಂದಿನಿಂದ ಅಜ್ಜನಿಗೆ ಅದೇ ಚಿಂತೆ.

ಆಗಲೇ ಹೊಳೆ ಹರಿದುಬರುವ ಮೇಲಿನ ಊರಿನ ದುಂಡಪ್ಪ ಮಾಸ್ತರು ಹೇಳಿ ಕಳಿಸಿದರು.

ಮಾಸ್ತರು ಶಾಲೆಯಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತವರು. ತಮ್ಮೂರ ಕಡವಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದರು. ಹೊಳೆಯೊಳಗಿನ ಕಂಬಕ್ಕೆ ಕಟ್ಟಿದ ಯಂತ್ರ ನೀರಿನ ಮಟ್ಟ ಅಳೆದು ಕಳಿಸುತ್ತಿತ್ತು. ಅಪಾಯ ಕಂಡರೆ ಪ್ರೋಗ್ರಾಂ ಸೈರನ್ ಕೂಗಿಸುತ್ತಿತ್ತು. ಹಿಂದೆ ಅಂಥ ಹೊತ್ತಿನಲ್ಲಿ ಕೊಂಬು ಊದುತ್ತಿದ್ದರಂತೆ, ಹಾಗಾಗಿ ಜನ ಸೈರನ್ನಿಗೂ ಕೊಂಬು ಅಂತಲೇ ಅನ್ನುತ್ತಿದ್ದರು.

ಮಾಸ್ತರು ಹೇಳಿ ಕಳಿಸಿದ್ದು ಇಷ್ಟು. "ನಮ್ಮೂರಿಗೆ ಸೇತುವೆ ಆತು, ಕಡವು ಮುಚ್ಚಿತು. ನನ್ನ ಪ್ರೋಗ್ರಾಂ ನಿಮ್ಮ ಕಡವಿಗೆ ತಗೋರಿ. ಯಂತ್ರ ಇಲ್ಲೇ ಇದ್ದು ನಿಮಗ ಅಳತಿ ಕಳಸ್ತೈತಿ. ರೊಕ್ಕ ಬ್ಯಾಡ. ನಿಮ್ಮ ಶಿಷ್ಯ ಬಂದು ನಮ್ಮ ಕಟ್ಟಿ ಮ್ಯಾಲೆ ಕುಂತು, ಒಂದೊಂದು ಸಾಲಿನ ಕಥಿ ಕೇಳಬೇಕು. ಅದಽ ಬೆಲಿ."

"ಹೋಗಿ ಕೊಂಡ್ಕೊಂಡು ಬಾ," ಅಂದರು ಅಜ್ಜ.

ಕಲ್ಮೇಶ ಹೋದ.

ಮಾಸ್ತರು ಕಟ್ಟೆಯ ಮೇಲೆ ಕಂಬಳಿ ಹಾಸಿ ಕಾಯುತ್ತಿದ್ದರು. ಹೆಂಡತಿ ನಿಂಗವ್ವ ಚಹಾಕ್ಕೆ ನೀರಿಟ್ಟಳು. ಮಾಸ್ತರು ಕಂಪ್ಯೂಟರ್ ತೆರೆದು ತೋರಿಸಿದರು, ಮೊಮ್ಮಗುವಿನ ಮುಖ ತೋರಿಸುವವರ ಹಾಗೆ.

ಕಲ್ಮೇಶ ನೋಡಿದ. ಅವನಿಗೆ ಮೈ ಉರಿಯಿತು. ಒಂದು ಸಾಲು ಮೊದಲನೆಯ ವರ್ಷದ್ದು, ಅದರ ಹೊಟ್ಟೆಯೊಳಗೆ ಆಮೇಲೆ ತುರುಕಿದ ಇನ್ನೊಂದು ಸಾಲು, ಅದಕ್ಕೊಂದು ತೇಪೆ. ಸಂತೆಯ ದಿನವಾದರೆ ಬೇಗ ಕೂಗು ಅಂತ ಒಂದು ಕಡೆ. ಎಲ್ಲ ಮುಗಿದು ನೀರು ಶಾಂತವಾದ ಮೇಲೆ ತುಸು ಹೊತ್ತು ಬಿಟ್ಟು ಮತ್ತೊಮ್ಮೆ ಕೂಗು ಅಂತ ಇನ್ನೊಂದು ಕಡೆ. ಯಾಕೆ, ಏನು ಅಂತ ಎಲ್ಲಿಯೂ ಬರೆದಿರಲಿಲ್ಲ.

ಒಂದು ಸಾಲಿನ ಹತ್ತಿರ ಅವನು ನಕ್ಕೇಬಿಟ್ಟ.

"ಮಾಸ್ತರ, ಇಲ್ಲಿ ಚಿಹ್ನೆ ತಿರುಗಿ ಬಿದ್ದೈತ್ರಿ. ನೀರು ಒಮ್ಮೆಲೆ ಇಳಿದ್ರ ಕೊಂಬು ಕೂಗು ಅಂತ ಬರದೀರಿ. ಏರಿದ್ರ ಅಂತ ಆಗಬೇಕಾಗಿತ್ತು."

ಮಾಸ್ತರ ಮುಖದ ಮೇಲಿನ ನಗು ಹೋಯಿತು.

"ತಿರುಗಿ ಬಿದ್ದಿಲ್ಲಪಾ. ಹಂಗಽ ಬರದದ್ದು."

"ನೀರು ಇಳಿದ್ರ ಯಾತರ ಅಪಾಯ?"

ಮಾಸ್ತರು ಬಾಯಿ ತೆರೆದರು. ಮುಚ್ಚಿದರು. ಹೊಳೆಯ ಕಡೆ ನೋಡಿದರು.

"ಅದು ಒಂದು ಮಾತಿನ್ಯಾಗ ಹೇಳಾಕ ನನ್ನ ಕೈಲೆ ಆಗೂದಿಲ್ಲ. ಕುಂದ್ರು. ಮೊದಲ ಸಾಲಿನಿಂದ ಹೇಳ್ಕೊಂತ ಬರ್ತೀನಿ, ಅಲ್ಲೀತನಾ ಬಂದಾಗ ಅದನ್ನೂ ಹೇಳ್ತೀನಿ. ಚಹಾ ಬರ್ತೈತಿ."

ಮೊದಲ ಸಾಲಿನ ಕಥೆ ಶುರುವಾಯಿತು. ಅದರಲ್ಲಿ ಯಾರದೋ ಎಮ್ಮೆ ಬಂತು, ಯಾರದೋ ಮದುವೆ ಬಂತು, ಮಾಸ್ತರ ತಮ್ಮ ಸಂಗಪ್ಪ ಬಂದ. ಕಲ್ಮೇಶ ಎರಡು ಸಲ ಆಕಳಿಸಿದ. ಇಷ್ಟು ಕೇಳುವ ಹೊತ್ತಿನಲ್ಲಿ ನಾನು ಹೊಸದನ್ನೇ ಬರೆದು ಮುಗಿಸಬಹುದು ಅಂತ ಅವನ ಕೈ ತುರಿಸುತ್ತಿತ್ತು.

"ಹೊತ್ತಾತ್ರಿ ಮಾಸ್ತರ. ಮತ್ತ ಬರ್ತೀನಿ," ಅಂದು ಎದ್ದ.

ಮಾಸ್ತರು ತಡೆಯಲಿಲ್ಲ. ಪ್ರೋಗ್ರಾಂ ತುಂಬಿದ ಪೆನ್ ಡ್ರೈವ್ ಅವನ ಕೈಗಿಟ್ಟು, "ಇದನ್ನಂತೂ ಒಯ್ಯಿ. ಮಳಿಗಾಲ ಬಂತು. ಬೆಲಿ ಆಮ್ಯಾಲೆ ಕೊಡೀಯಂತ," ಅಂದರು.

ನಿಂಗವ್ವ ಚಹಾ ತಂದಾಗ ಕಟ್ಟೆಯ ಮೇಲೆ ಮಾಸ್ತರೊಬ್ಬರೇ ಇದ್ದರು.

ಆಶ್ರಮದಲ್ಲಿ ಅಜ್ಜ ಕೇಳಿದರು. "ಕೊಂಡ್ಯಾ?"

"ತಂದೀನ್ರಿ."

"ಕೊಂಡ್ಯಾ ಅಂತ ಕೇಳಿದೆ."

ಕಲ್ಮೇಶ ಮಾತು ತಿರುಗಿಸಿದ. "ಅಜ್ಜಾರ, ಅದು ಬರೇ ತೇಪಿ. ಒಂದು ಸಾಲು ಅಂತೂ ಉಲ್ಟಾನ ಐತಿ. ನಾ ಹೊಸದಾಗಿ ಬರೀತೀನಿ, ಸ್ವಚ್ಛಾಗಿ."

"ಬರಿ. ಬ್ಯಾಡ ಅನ್ನೂದಿಲ್ಲ."

ಕಲ್ಮೇಶನಿಗೆ ಆಶ್ಚರ್ಯವಾಯಿತು. ಅಜ್ಜ ಬೈಯುತ್ತಾರೆ ಅಂದುಕೊಂಡಿದ್ದ.

"ಆದ್ರ ಹಳೇದನ್ನೂ ಮಗ್ಗಲಕ ನಡಸು. ಈ ಮಳಿಗಾಲ ಎರಡೂ ಕೂಡಿ ಇರಲಿ. ಯಾವುದು ಕೂಗಿದ್ರೂ ಕಡವು ನಿಲ್ಲಲಿ."

ಕಲ್ಮೇಶ ಹಗಲೂ ರಾತ್ರಿ ಕೂತು ಬರೆದ. ಬರೆದದ್ದು ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಹಳೆಯದಕ್ಕಿಂತ ಬೇಗ ಲೆಕ್ಕ ಹಾಕುತ್ತಿತ್ತು. ನೀರು ಎಷ್ಟಿದೆ ಅಂತ ಪರದೆಯ ಮೇಲೆ ಬಣ್ಣದಲ್ಲಿ ತೋರಿಸುತ್ತಿತ್ತು. ಹಸಿರು ಇದ್ದರೆ ಹೋಗು, ಕೆಂಪು ಇದ್ದರೆ ನಿಲ್ಲು. ದ್ಯಾಮಪ್ಪನೂ ಬಂದು ನೋಡಿ, ಹಣೆ ಮುಟ್ಟಿಕೊಂಡು ಹೋದ.

ಮಳೆ ಹಿಡಿಯಿತು. ಎರಡೂ ಕೂಡಿ ನಡೆದವು. ನೀರು ಏರಿದಾಗಲೆಲ್ಲ ಎರಡೂ ಕೂಗಿದವು, ಹೊಸದು ಒಂದು ಗಳಿಗೆ ಮೊದಲು.

ಒಂದು ದಿನ ಮಾತ್ರ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹೊಳೆಯ ನೀರು ಇಳಿಯುತ್ತಿತ್ತು. ಹೊಸದು ಹಸಿರು ತೋರಿಸಿತು. ಹಳೆಯದು ಕೂಗತೊಡಗಿತು, ನಿಲ್ಲಿಸಲೇ ಇಲ್ಲ.

ದಂಡೆಯಲ್ಲಿ ಮದುವೆ ದಿಬ್ಬಣವೊಂದು ಆಚೆ ಹೋಗಲು ನಿಂತಿತ್ತು. ಮುಹೂರ್ತ ತಪ್ಪಿತು. ಮದುಮಗಳು ಅತ್ತಳು. ನೀರು ಮಾತ್ರ ಬರಲೇ ಇಲ್ಲ. ಸಂಜೆಗೆ ಹೊಳೆ ಮೆಲ್ಲಗೆ ಮೊದಲಿನ ಮಟ್ಟಕ್ಕೆ ಬಂತು, ಅಷ್ಟೇ.

"ಸಣ್ಣ ಅಜ್ಜಾರ, ನಿಮ್ಮ ಮುದುಕ ಕೊಂಬಿಗೆ ಅರಳುಮರಳು ಆಗೈತ್ರಿ," ಅಂತ ದ್ಯಾಮಪ್ಪ ನಕ್ಕ. "ಸುಮ್ಮಸುಮ್ಮನ ಒದರ್ತಾನ."

ಆ ಸಂಜೆ ಕಲ್ಮೇಶ ಹಳೆಯದನ್ನು ಬಂದ್ ಮಾಡಿದ.

ಅಜ್ಜನಿಗೆ ಹೇಳೋಣ ಅಂತ ಹೋದ. ಅಜ್ಜ ಪೂಜೆಗೆ ಕೂತಿದ್ದರು. ಆಮೇಲೆ ಹೇಳಿದರಾಯಿತು ಅಂದುಕೊಂಡ. ಆಮೇಲೆ ಹೇಳಲಿಲ್ಲ.

ಮಳೆ ಹೊಳವಾಯಿತು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಅಂಥ ಒಂದು ಮಧ್ಯಾಹ್ನ ಹೊಳೆಯ ನೀರು ಕಣ್ಣೆದುರಿಗೇ ಇಳಿಯತೊಡಗಿತು. ದಂಡೆಯ ಕಲ್ಲುಗಳು ಒಂದೊಂದಾಗಿ ಬೆನ್ನು ತೋರಿಸಿದವು. ಆಚೆ ದಂಡೆಯಲ್ಲಿ ಜನ ಕೈ ಬೀಸಿ ಕರೆಯುತ್ತಿದ್ದರು.

ದ್ಯಾಮಪ್ಪ ಕಡವಿನಿಂದ ಕೂಗಿದ. "ನೀರು ಇಳಿಯಾಕ ಹತ್ಯಾವು! ಹೋಗ್ಲೇನ್ರಿ, ಸಣ್ಣ ಅಜ್ಜಾರ?"

ಕಲ್ಮೇಶ ಪರದೆ ನೋಡಿದ. ಹಸಿರು. ಇಷ್ಟು ಹಸಿರು ಆ ಮಳೆಗಾಲದಲ್ಲಿ ಎಂದೂ ಬಂದಿರಲಿಲ್ಲ.

"ಹೋಗ್ರಿ ದ್ಯಾಮಣ್ಣ, ಆರಾಮ ಹೋಗ್ರಿ!"

ದ್ಯಾಮಪ್ಪನ ಹೆಂಡತಿ ಹುಲಿಗೆವ್ವ ಬುತ್ತಿಯ ಗಂಟು ಹರಿಗೋಲಿಗಿಟ್ಟು ದೂಡಿ ಬಿಟ್ಟಳು.

ಅವನು ನಡುಹೊಳೆಗೆ ಹೋದ. ಹುಟ್ಟು ಎತ್ತಿದ. ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದ.

ಆಗ ಕೊಂಬು ಕೂಗಿತು. ಕಲ್ಮೇಶನ ಹೊಸ ಕೊಂಬು. ಮೇಲಿನ ಊರಿನಲ್ಲಿ ನೀರು ಏರಿದ ಕ್ಷಣವೇ ಅದು ಕೂಗಿತ್ತು, ಅದರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಕೂಗಿಗೂ ಬರುವ ನೀರಿಗೂ ನಡುವೆ ಒಬ್ಬ ಮನುಷ್ಯ ದಂಡೆ ಸೇರುವಷ್ಟು ಹೊತ್ತಿರಲಿಲ್ಲ.

ದ್ಯಾಮಪ್ಪ ತಲೆ ಎತ್ತಿ ಆಶ್ರಮದ ಕಡೆ ನೋಡಿದ. ಇದೇನು ಅಂತ ಕೇಳುವವನ ಹಾಗೆ ಕೈ ಎತ್ತಿದ. ಆಮೇಲೆ ಹುಟ್ಟು ಹಾಕಿದ. ನೀರು ಗೋಡೆಯ ಹಾಗೆ ಬಂತು, ಅದರ ಮುಂದೆ ಬೇರುಸಮೇತ ದೊಡ್ಡ ಮರಗಳು ಉರುಳುತ್ತ ಬಂದವು.

ಹರಿಗೋಲು ಎರಡು ದಿನದ ಮೇಲೆ ಕೆಳಗಿನ ಊರಲ್ಲಿ ಸಿಕ್ಕಿತು. ದ್ಯಾಮಪ್ಪ ಸಿಗಲಿಲ್ಲ.

ಹುಲಿಗೆವ್ವ ಆಶ್ರಮದ ಅಂಗಳಕ್ಕೆ ಬಂದು ನಿಂತಳು. ಅಳು ಮುಗಿದ ಕಣ್ಣು.

"ನಿಮ್ಮ ಕೊಂಬು ಯಾಕ ಮೊದಲ ಕೂಗಲಿಲ್ಲ?"

ಕಲ್ಮೇಶನಿಗೆ ಸುಳ್ಳು ಹೇಳಲು ಎಷ್ಟೋ ದಾರಿ ಇದ್ದವು. ಹೊಳೆ, ದೈವ, ಹಣೆಬರಹ. ಜನ ಅದನ್ನೇ ಆಡಿಕೊಳ್ಳುತ್ತಿದ್ದರು. ಅವನು ಹೇಳಲಿಲ್ಲ.

"ಕೂಗೂದೊಂದಿತ್ತು, ಅಕ್ಕ. ನಾ ಅದರ ಬಾಯಿ ಮುಚ್ಚಿದ್ನಿ."

ಹುಲಿಗೆವ್ವ ಅವನನ್ನು ನೋಡಿದಳು. ತಿರುಗಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಎಷ್ಟೋ ದಿನ ಅನ್ನಿಸಿತು.

ಅಜ್ಜನ ಮುಂದೆ ಬಂದು ಕೂತ.

"ನಿಮಗ ಹೇಳಲಿಲ್ರಿ, ಅಜ್ಜಾರ."

ಅಜ್ಜ ಮುಖ ಎತ್ತಿದರು. ಅವರ ಗಡ್ಡ ತೊಯ್ದಿತ್ತು. "ನಾನೂ ಕೇಳಲಿಲ್ಲ," ಅಂದರು.

"ಈಗ ಏನ ಮಾಡ್ಲಿ?"

"ಬೆಲಿ ಕೊಡೂದು ಉಳದೈತಲ್ಲ. ಕೊಟ್ಟು ಬಾ."

ಕಲ್ಮೇಶ ಮೇಲಿನ ಊರಿಗೆ ಹೋದ. ಕಟ್ಟೆಯ ಮೇಲೆ ಕಂಬಳಿ ಇರಲಿಲ್ಲ. ಬಾಗಿಲಲ್ಲಿ ನಿಂಗವ್ವ ಕೂತಿದ್ದಳು, ಹಣೆ ಬರಿದಾಗಿತ್ತು.

"ಮಾಸ್ತರು?"

"ಶ್ರಾವಣದಾಗ ಹೋದ್ರಪಾ."

ಅವನು ಕಟ್ಟೆಯ ಮೇಲೆ ಕೂತ.

"ನೀ ಬಂದು ಹೋದಿಂದ ದಿನಾ ಕಂಬಳಿ ಹಾಸಸ್ತಿದ್ರು," ಅಂದಳು ನಿಂಗವ್ವ. "ಹುಡುಗ ಮತ್ತ ಬರ್ತೀನಂದಾನ, ಒಲಿ ಆರಸಬ್ಯಾಡ, ಚಹಾ ಬೇಕಾಗತೈತಿ ಅಂತಿದ್ರು. ಕಡೀ ದಿನಾನೂ ಅಂದ್ರು."

ಕಲ್ಮೇಶನಿಗೆ ಅಳು ತಡೆಯಲಾಗಲಿಲ್ಲ. ದ್ಯಾಮಪ್ಪ ಹೋದಾಗಲೂ ಬಾರದ ಅಳು ಈಗ ಬಂತು. ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದ. ಹಸಿರು ಪರದೆ, ಬಂದ್ ಮಾಡಿದ್ದು, ಹೋಗ್ರಿ ಅಂದದ್ದು.

ನಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯ ನನ್ನಪ್ಪ. ನೀನೂ ಹೋಗು ಅಂದ್ಯಾ?"

"ನೀನೂ ಅಂದ್ರ?"

"ನಮ್ಮ ಮೈದುನ ಸಂಗಪ್ಪ. ಇವರ ತಮ್ಮ. ಇವರು ಮೊದಲನೇ ಸಲ ಬರದಾಗ ಆ ಸಾಲು ಇರಲಿಲ್ಲ. ನೀರು ಇಳದ್ರ ಭಯ ಇಲ್ಲ ಅಂತ ಇವರೂ ತಿಳದಿದ್ರು. ಒಂದಿನ ಹಿಂಗಽ ಬಿಸಲು, ಹಿಂಗಽ ನೀರು ಇಳೀತು. ಎಮ್ಮಿ ಮೈ ತೊಳ್ಕೊಂಡು ಬರ್ಲೇನಣ್ಣ ಅಂತ ಸಂಗಪ್ಪ ಕೇಳಿದ. ಇವರು ಕಂಪ್ಯೂಟರ್ ನೋಡಿ, ಹೋಗು, ಆರಾಮ ಹೋಗು ಅಂದ್ರು."

ಕಲ್ಮೇಶ ಅವಳತ್ತ ತಿರುಗಿ ಕೂತ.

"ಮ್ಯಾಲೆ ಕೊಳ್ಳದಾಗ ಗಿಡಗಳು ಅಡ್ಡ ಬಿದ್ದು ನೀರು ಕಟ್ಟಿ ನಿಂತಿತ್ತು. ಅದಕ್ಕ ಕೆಳಗ ಇಳದಿತ್ತು. ಕಟ್ಟಿದ್ದು ಒಡೀತು. ಒಮ್ಮೊಮ್ಮೆ ಒಡಿಯೂದಿಲ್ಲ, ಮೆಲ್ಲಕ ಸರೀತೈತಿ. ಒಡದ ದಿನ ಹಿಂಗ ಆಗತೈತಿ."

ಆಕೆ ಕಣ್ಣೊರೆಸಿಕೊಂಡಳು.

"ಸಂಗಪ್ಪನ ಮಣ್ಣು ಮುಗಿಸಿ ಬಂದು, ಹಸೀ ಮೈಲೆ ಕುಂತು ಆ ಸಾಲು ಬರದ್ರು. ಆಮ್ಯಾಲೆ ಅದನ್ನ ಯಾರಿಗೂ ಹೇಳಲಿಲ್ಲ. ನಿನಗ ಹೇಳಬೇಕಂತ ಮಾಡಿದ್ರು."

ಮಾಸ್ತರು ಬಾಯಿ ತೆರೆದು ಮುಚ್ಚಿದ್ದು ಕಲ್ಮೇಶನ ಕಣ್ಣಿಗೆ ಕಟ್ಟಿತು. ತಾನು ಮಾಡಿದ್ದನ್ನು ಪೂರ್ತಿ ತಿಳಿಯಬಲ್ಲವರು ಈ ಭೂಮಿಯ ಮೇಲೆ ಅವರೊಬ್ಬರೇ ಇದ್ದರು. ಅವರ ಎದುರಿಗೆ ಕೂತು ತಾನು ಆಕಳಿಸಿದ್ದ.

"ಚಹಾ ಕುಡೀತೀಯಾ?" ಅಂದಳು ನಿಂಗವ್ವ.

ಅವನು ಕುಡಿದ. ಆ ದಿನ ಎದ್ದು ಹೋಗಲಿಲ್ಲ. ದೀಪಾವಳಿಯ ತನಕ ಅಲ್ಲೇ ಇದ್ದ. ಕಟ್ಟಿಗೆ ಒಡೆದು ಕೊಟ್ಟ, ನೀರು ತಂದ. ಉಳಿದ ಹೊತ್ತು ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲು ಓದಿ ಹೇಳಿದ. ನಿಂಗವ್ವನಿಗೆ ಕಂಪ್ಯೂಟರಿನ ಗಂಧವಿಲ್ಲ. ಆದರೆ ಯಾವ ಸಾಲು ಬರೆದ ದಿನ ಮನೆಯಲ್ಲಿ ಯಾರು ಊಟ ಬಿಟ್ಟಿದ್ದರು ಅಂತ ಗೊತ್ತಿತ್ತು.

ಸಂತೆಯ ದಿನ ಬೇಗ ಕೂಗು ಅನ್ನುವುದು ಸೀಗವ್ವ ಅನ್ನುವ ಬಸುರಿಯ ಸಾಲು. ತಲೆಯ ಮೇಲೆ ಸಂತೆಯ ಹೊರೆ, ನೀರು ಬಂದಾಗ ಓಡಲಾಗಿರಲಿಲ್ಲ. ಹಾಗೆ ಒಂದೊಂದಕ್ಕೂ ಒಂದು ಹೆಸರು ಸಿಗುತ್ತ ಬಂತು. ನಿಂಗವ್ವನಿಗೆ ನೆನಪಿಲ್ಲದ್ದನ್ನು ಊರೊಳಗೆ ಹೋಗಿ ಕೇಳಿದ. ಕೆಲವರು ಹೇಳಿದರು, ಕೆಲವರು ಬಾಗಿಲು ಹಾಕಿಕೊಂಡರು.

ಒಂದು ಸಾಲು ಮಾತ್ರ ಉಳಿಯಿತು. ಎಲ್ಲ ಮುಗಿದು ನೀರು ಶಾಂತವಾದ ಮೇಲೆ, ತುಸು ಹೊತ್ತು ಬಿಟ್ಟು ಮತ್ತೊಮ್ಮೆ ಕೂಗು. ಅದು ಯಾಕೆ ಅಂತ ನಿಂಗವ್ವನಿಗೂ ಗೊತ್ತಿರಲಿಲ್ಲ, ಊರಿಗೂ ಗೊತ್ತಿರಲಿಲ್ಲ.

ಕಲ್ಮೇಶ ಆಶ್ರಮಕ್ಕೆ ಮರಳಿದ. ಹಳೆಯ ಸಾಲುಗಳನ್ನೆಲ್ಲ ತನ್ನ ಹೊಸದರೊಳಗೆ ಒಂದೊಂದಾಗಿ ಕೈಯಾರೆ ಬರೆದುಕೊಂಡ. ಕೊಳ್ಳದಲ್ಲಿ ನೀರು ಕಟ್ಟಿದರೆ ಇನ್ನೂ ಬೇಗ ತಿಳಿಯಲಿ ಅಂತ ತನ್ನದೂ ಒಂದು ಸಾಲು ಸೇರಿಸಿದ. ಅದಕ್ಕೆ ಯಾರ ಹೆಸರು ಅಂತ ಬೇರೆ ಹೇಳಬೇಕಾಗಿಲ್ಲ. ಗೊತ್ತಿಲ್ಲದ ಆ ಸಾಲನ್ನು ಮಾತ್ರ ಪಕ್ಕಕ್ಕೆ ಇಟ್ಟ.

ಮರುದಿನ ಅಜ್ಜನಿಗೆ ಆಚೆ ದಂಡೆಗೆ ಹೋಗುವುದಿತ್ತು. ಕಲ್ಮೇಶನೂ ಜೊತೆಗೆ ಹೊರಟ.

ಕಡವಿನಲ್ಲಿ ಹುಟ್ಟು ಹಿಡಿದು ನಿಂತವಳು ಹುಲಿಗೆವ್ವ. ಗಂಡ ಹೋದ ಮೇಲೆ ಹರಿಗೋಲು ಅವಳೇ ಹಾಕುತ್ತಿದ್ದಳು. ಅಜ್ಜನಿಗೆ ಕೈಮುಗಿದಳು. ಕಲ್ಮೇಶನನ್ನು ನೋಡಲಿಲ್ಲ. ಅವನೂ ಮಾತಾಡಿಸುವ ಧೈರ್ಯ ಮಾಡಲಿಲ್ಲ.

ಹರಿಗೋಲು ನೀರಿಗಿಳಿಯಿತು.

"ಅಜ್ಜಾರ," ಕಲ್ಮೇಶ ಮೆಲ್ಲಗೆ ಅಂದ. "ಒಂದು ಸಾಲು ಉಳದೈತ್ರಿ. ನೀರು ಇಳಿದು, ಭಯ ಎಲ್ಲಾ ಹೋದಮ್ಯಾಲೆ ಮತ್ತೊಮ್ಮೆ ಕೂಗು ಅಂತ. ಆಗ ಯಾರನ್ನ ಕೂಗೂದು? ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವರು ಉಳದಿಲ್ಲ. ಅದನ್ನ ಇಡ್ಲೋ, ತಗೀಲೋ?"

ಅಜ್ಜ ಮುಂದಿನ ನೀರಿನ ಕಡೆ ನೋಡಿದರು.

ನಡುಹೊಳೆ ಬಂತು. ಹುಲಿಗೆವ್ವ ಹುಟ್ಟು ಎತ್ತಿದಳು. ರೊಟ್ಟಿಯ ಚೂರು ಮುರಿದು ನೀರಿಗೆ ಹಾಕಿದಳು. ಗಂಡ ಹಾಕುತ್ತಿದ್ದ ಜಾಗ ಅದು. ಸುತ್ತಿ ಮುಂದೆ ಹೋದಳು.

ತುಸು ಮುಂದೆ ಮತ್ತೆ ಹುಟ್ಟು ಎತ್ತಿದಳು. ಇಲ್ಲಿ ಹಿಂದೆ ಯಾರೂ ನಿಂತದ್ದಿಲ್ಲ. ಇನ್ನೊಂದು ಚೂರು ಹಾಕಿದಳು. ಅವಳ ಕೈ ನೀರಿನ ಮೇಲೆ ಒಂದು ಗಳಿಗೆ ಹಾಗೇ ಇತ್ತು.

ಕಲ್ಮೇಶ ತಲೆ ತಗ್ಗಿಸಿದ. ಅವನ ಕಣ್ಣೀರು ಹರಿಗೋಲಿನ ತಳಕ್ಕೆ ಬಿತ್ತು.

ಅಜ್ಜ ಹುಲಿಗೆವ್ವನ ಮುಂದೆ ಕೈ ಚಾಚಿದರು. ಅವಳು ಒಂದು ರೊಟ್ಟಿ ಕೊಟ್ಟಳು. ಅಜ್ಜ ಅದನ್ನು ಮುರಿದು, ಅರ್ಧವನ್ನು ಶಿಷ್ಯನ ಅಂಗೈಯಲ್ಲಿ ಇಟ್ಟರು.

"ಯಾರಂತ ಗೊತ್ತಿಲ್ದಿದ್ರ ಇರ್ಲಿ," ಅಂದರು. "ರೊಟ್ಟಿ ಹಾಕು. ಸುತ್ತಿ ಹೋಗೂಣು."